ಮೂವರು ವೈದ್ಯರ ಮಾತು

ವೈದ್ಯನನ್ನು ದೇವರೆಂದು ಕರೆಯುವ ರೂಢಿ ನಮ್ಮ ನಾಡಿನಲ್ಲಿ ಬಹಳ ಹಳೆಯದು. ರೋಗ ಬಂದ ಮನುಷ್ಯನಿಗೆ ದೇವರ ಮುಂದೆ ಹೇಗೆ ಪ್ರಶ್ನೆ ಕೇಳಲು ಬಾಯಿ ಬರುವುದಿಲ್ಲವೋ ಹಾಗೆಯೇ ವೈದ್ಯನ ಮುಂದೆಯೂ ಬರುವುದಿಲ್ಲ. ಕಾರ್ಯ ಕೈಗೂಡಿದರೆ ಹರಕೆ ಸಲ್ಲಿಸುವುದು, ಕೈಗೂಡದಿದ್ದರೆ ಶಪಿಸುವುದು, ಈ ಎರಡೇ ದಾರಿಗಳು ಭಕ್ತನಿಗೆ ಉಳಿಯುತ್ತವೆ. ದವಾಖಾನೆಯ ಬಾಗಿಲಲ್ಲಿ ತೆಂಗಿನಕಾಯಿ ಒಡೆಯುವವರೂ ಅದೇ ದವಾಖಾನೆಯ ಕಿಟಕಿಯ ಗಾಜು ಒಡೆಯುವವರೂ ಯಾವಾಗಲೂ ಬೇರೆ ಬೇರೆ ಜನರೇನಲ್ಲ. ಇತ್ತ ವೈದ್ಯಶಾಸ್ತ್ರವಾದರೋ ಕಳೆದ ನೂರೈವತ್ತು ವರ್ಷಗಳಲ್ಲಿ ಊಹೆಗೂ ಮೀರಿ ಬೆಳೆದಿದೆ. ಅದು ಬೆಳೆದಂತೆಲ್ಲ ಅದರೊಳಗಿನ ವಾದವಿವಾದಗಳೂ ಬೆಳೆದಿವೆ. ಪಂಡಿತರು ಈ ವಾದಗಳನ್ನು ತಮ್ಮ ತಮ್ಮ ಸಭೆಗಳಲ್ಲಿ, ತಮ್ಮ ಭಾಷೆಯಲ್ಲಿ ನಡೆಯಿಸುತ್ತಾರೆ. ಅವುಗಳ ಫಲವನ್ನು ಮಾತ್ರ ಹೊಲದಲ್ಲಿ ಕಳೆ ಕೀಳುವ ಹೆಂಗಸು ಉಣ್ಣಬೇಕಾಗುತ್ತದೆ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಜನರಿಗೆ ದೊಡ್ಡ ದವಾಖಾನೆಯೆಂಬುದು ಬಹುಕಾಲದವರೆಗೆ ದೂರದ ಮಾತಾಗಿತ್ತು. ಆಳಂದ ಅಫಜಲಪುರಗಳ ಗಡಿಯೂರಿನವರು ಸೊಲ್ಲಾಪುರದ ದಾರಿ ಹಿಡಿಯುತ್ತಿದ್ದರು. ಜೇವರ್ಗಿಯವರು ಭೀಮೆಯನ್ನು ದಾಟಿ ಕಲಬುರಗಿಗೆ ಬರುತ್ತಿದ್ದರು. ೧೯೬೩ರಲ್ಲಿ ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆಯವರ ಹೆಸರಿನ ವೈದ್ಯಕೀಯ ಕಾಲೇಜು ಆರಂಭವಾಯಿತು. ಅನಂತರ ಖಾಜಾ ಬಂದೇನವಾಜರ ಹೆಸರಿನದೊಂದು, ಕಾರ್ಮಿಕರ ವಿಮಾ ನಿಗಮದ್ದೊಂದು, ಸರಕಾರದ್ದೊಂದು, ಹೀಗೆ ಕಾಲೇಜುಗಳು ಹೆಚ್ಚಿದವು. ಬಡ ಕುಟುಂಬಗಳ ದೊಡ್ಡ ಶಸ್ತ್ರಕ್ರಿಯೆಗಳ ವೆಚ್ಚವನ್ನು ಹೊರುವ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ೨೦೧೦ರಲ್ಲಿ ರಾಜ್ಯ ಸರಕಾರವು ಮೊಟ್ಟಮೊದಲು ತೊಡಗಿದ್ದು ಈ ವಿಭಾಗದಲ್ಲಿಯೇ. ದವಾಖಾನೆಯಿಲ್ಲವೆಂಬ ಕೊರತೆ ಪೂರ್ತಿಯಾಗಿ ನೀಗದಿದ್ದರೂ ಬಹುಮಟ್ಟಿಗೆ ತಗ್ಗಿತು. ಆದರೆ ಅದರ ಎಡೆಯಲ್ಲಿ ಬೇರೊಂದು ತೊಡಕು ತಲೆಯೆತ್ತಿತು. ಹಿಂದೆ ‘ಯಾವ ವೈದ್ಯನ ಬಳಿಗೆ ಹೋಗುವುದು?’ ಎಂಬ ಚಿಂತೆ. ಈಗ ‘ಯಾವ ವೈದ್ಯನ ಮಾತು ನಂಬುವುದು?’ ಎಂಬ ಚಿಂತೆ.

ಆಳಂದ ತಾಲೂಕಿನ ಒಂದು ಹಳ್ಳಿಯಲ್ಲಿ, ನಿವೃತ್ತಿಯ ಅನಂತರ ನೆಲೆಸಿದ್ದ ಗಣಿತದ ಮಾಸ್ತರರೊಬ್ಬರಿಗೆ ಈ ಚಿಂತೆಯು ೨೦೨೪ರ ಶ್ರಾವಣದಲ್ಲಿ ಒದಗಿತು. ಅವರ ತಂಗಿಯ ಮಗಳನ್ನು ಅಫಜಲಪುರ ತಾಲೂಕಿನ ಭೀಮಾತೀರದ ಊರಿಗೆ ಕೊಟ್ಟಿತ್ತು. ಅವಳಿಗೆ ವಯಸ್ಸು ಮೂವತ್ತನಾಲ್ಕು. ಎರಡು ಮಕ್ಕಳ ತಾಯಿ. ಏಳೆಂಟು ತಿಂಗಳಿಂದ ಮುಟ್ಟಿನ ರಕ್ತ ಎಂಟೊಂಬತ್ತು ದಿನ ಹರಿಯುತ್ತಿತ್ತು. ಊರ ಹತ್ತಿರ ಕೊಟ್ಟ ಗುಳಿಗೆಗಳಿಂದ ಗುಣ ಕಾಣಲಿಲ್ಲ. ಕೊನೆಗೆ ಒಂದು ಖಾಸಗಿ ದವಾಖಾನೆಯಲ್ಲಿ ತೋರಿಸಲಾಗಿ, ‘ಗರ್ಭಚೀಲ ಕೆಟ್ಟಿದೆ, ಎಂಟು ದಿನದೊಳಗೆ ತೆಗೆಸದಿದ್ದರೆ ಕ್ಯಾನ್ಸರಿಗೆ ತಿರುಗುತ್ತದೆ’ ಎಂದು ಹೇಳಿ ಹಣದ ಲೆಕ್ಕ ಬರೆದುಕೊಟ್ಟರು. ಗಂಡನ ಮನೆಯವರು ಬಂಗಾರ ಒತ್ತೆಯಿಡಲು ಸಿದ್ಧರಾದರು. ಅವಳ ಅತ್ತೆಯೂ ನೆರೆಯ ನಾಲ್ಕಾರು ಹೆಂಗಸರೂ ಹಿಂದೆಯೇ ‘ಚೀಲ ತೆಗೆಸಿಕೊಂಡವರು’. ಆದಕಾರಣ ಆ ಮನೆಯಲ್ಲಿ ಇದೊಂದು ದೊಡ್ಡ ಮಾತೆಂದು ಯಾರಿಗೂ ತೋರಲಿಲ್ಲ. ತಾಯಿಯ ಕರುಳು ಮಾತ್ರ ಕೇಳಲಿಲ್ಲ. ಅವಳು ಅಣ್ಣನಿಗೆ ಹೇಳಿಕಳುಹಿದಳು: “ಅಣ್ಣಾ, ನೀ ನಾಕ ಅಕ್ಷರ ಕಲ್ತಾವ. ಯಾರನ್ನರ ಕೇಳಿ ಒಂದು ಮಾತು ಹೇಳು.”

ಮಾಸ್ತರರು ಮೊದಲು ಹೋದದ್ದು ಆಳಂದದ ಪೇಟೆಯಲ್ಲಿ ನಲವತ್ತು ವರ್ಷಗಳಿಂದ ದವಾಖಾನೆ ನಡೆಯಿಸಿಕೊಂಡು ಬಂದಿರುವ ವೃದ್ಧ ಡಾಕ್ಟರರ ಬಳಿಗೆ. ಮಾಸ್ತರರ ಮನೆಯ ಮೂರು ತಲೆಮಾರುಗಳ ಜ್ವರ ನೋಡಿದವರು ಅವರು. ಕಾಗದಗಳನ್ನು ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಡಾಕ್ಟರರು ಹೇಳಿದರು: “ಮಾಸ್ತರರೇ, ಹೆಂಗಸರ ರೋಗಗಳ ಪಂಡಿತ ನಾನಲ್ಲ. ಆದುದರಿಂದ ನನ್ನ ಮೊದಲ ಮಾತು, ನನಗೆ ಗೊತ್ತಿಲ್ಲ ಎಂಬುದು. ಈ ಎರಡು ಶಬ್ದ ಕಲಿಯಲು ನನಗೆ ಇಪ್ಪತ್ತು ವರ್ಷ ಹಿಡಿಯಿತು. ‘ಗೊತ್ತಿಲ್ಲ’ ಎಂದ ಡಾಕ್ಟರನ ಬಳಿಗೆ ಜನ ಮರಳಿ ಬರುವುದಿಲ್ಲವೆಂದು ನಾವು ಅಂಜುತ್ತೇವೆ.”

ಅಷ್ಟರಲ್ಲಿ ನೆಗಡಿ ಕೆಮ್ಮು ಹಿಡಿದ ಒಬ್ಬ ಕೂಲಿಕಾರನು ಒಳಗೆ ಬಂದನು. ಡಾಕ್ಟರರು ಎದೆ ಬೆನ್ನು ನೋಡಿ, ಬಿಸಿನೀರು, ವಿಶ್ರಾಂತಿ, ಜ್ವರದ ಎರಡು ಗುಳಿಗೆ ಹೇಳಿದರು. ಅವನಿಗೆ ಸಮಾಧಾನವಾಗಲಿಲ್ಲ. “ಸಾಹೇಬ್ರ, ಒಂದು ಸೂಜಿ ಮಾಡ್ರಿ. ಆಗದಿದ್ರ ಒಂದು ಸಲಾಯಿನರ ಹಚ್ರಿ. ನಾಳೆ ಕೆಲಸಕ್ಕ ಹೋಗಬೇಕರಿ,” ಎಂದನು. ಸಲಾಯಿನಿನ ಬಾಟಲಿಯಲ್ಲಿರುವುದು ಬಹುಮಟ್ಟಿಗೆ ಉಪ್ಪು ನೀರೆಂದೂ, ಬಾಯಿಯಿಂದ ಕುಡಿಯಬಲ್ಲವನಿಗೆ ಅದರಿಂದ ಹೆಚ್ಚಿನ ಬಲ ಬರುವುದಿಲ್ಲವೆಂದೂ ಡಾಕ್ಟರರು ತಿಳಿಯಹೇಳಿದರು. ಅವನು ತಲೆಯಾಡಿಸಿ ಎದ್ದು ಹೋದನು. ಹೋದದ್ದು ಮಾತ್ರ ಮನೆಯ ಕಡೆಗಲ್ಲ, ಎದುರಿನ ಸಾಲಿನ ಇನ್ನೊಂದು ದವಾಖಾನೆಯ ಕಡೆಗೆ.

“ನೋಡಿದಿರಾ?” ಎಂದರು ಡಾಕ್ಟರರು. “ಇದು ನಮ್ಮ ಶಾಸ್ತ್ರದ ದೊಡ್ಡ ವಿವಾದಗಳಲ್ಲೊಂದು. ನಡೆಯುವುದು ಮಾತ್ರ ಇಂಥ ಸಣ್ಣ ಕೋಣೆಯಲ್ಲಿ. ೧೯೨೮ರಲ್ಲಿ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದನು. ೧೯೪೫ರಲ್ಲಿ ನೊಬೆಲ್ ಬಹುಮಾನ ಪಡೆದಾಗ ಮಾಡಿದ ಭಾಷಣದಲ್ಲಿಯೇ, ಔಷಧವನ್ನು ಅರೆಬರೆಯಾಗಿ ನುಂಗಿದರೆ ಸೂಕ್ಷ್ಮಜೀವಿಗಳು ಅದಕ್ಕೆ ಬಗ್ಗದಂತೆ ಪಳಗಿಬಿಡುತ್ತವೆ ಎಂದು ಎಚ್ಚರಿಸಿದನು. ನಾವು ಕೇಳಲಿಲ್ಲ. ನೆಗಡಿಗೆ ಕಾರಣವಾದ ವೈರಸ್ಸಿಗೆ ಈ ಔಷಧಗಳು ಏನೂ ಮಾಡಲಾರವೆಂದು ಗೊತ್ತಿದ್ದೂ ನೆಗಡಿಗೆ ಅವನ್ನೇ ಬರೆದೆವು. ಕೆಲವು ಔಷಧಗಳನ್ನು ಮಾರಿದರೆ ವೈದ್ಯನ ಹೆಸರನ್ನೂ ರೋಗಿಯ ಹೆಸರನ್ನೂ ಅಂಗಡಿಯವನು ಬೇರೆ ವಹಿಯಲ್ಲಿ ಬರೆದಿಡಬೇಕೆಂದು ೨೦೧೪ರಲ್ಲಿ ನಿಯಮ ಬಂತು. ನಿಯಮ ಒಳ್ಳೆಯದೇ. ಆದರೆ ವಹಿಯಲ್ಲಿ ಬರೆದ ಮಾತ್ರಕ್ಕೆ ಬೇಡುವವನ ಆಸೆಯೂ ಕೊಡುವವನ ಅಂಜಿಕೆಯೂ ಹೋಗುವುದಿಲ್ಲ. ಬೇಡಿದ್ದನ್ನೆಲ್ಲ ಕೊಟ್ಟರೆ ನಾನು ವ್ಯಾಪಾರಿ. ಏನನ್ನೂ ಹೇಳದೆ ಕೇಳದೆ ಕೊಟ್ಟರೆ ನಾನು ದೊರೆ. ವೈದ್ಯನಾಗಿ ಉಳಿಯಬೇಕಾದರೆ ಕೂತು ಮಾತನಾಡಬೇಕು. ಅದಕ್ಕೆ ಫೀಸು ಹುಟ್ಟುವುದಿಲ್ಲ.”

ಬೀಳ್ಕೊಡುವಾಗ ಅವರು ಎರಡು ಮಾತು ಹೇಳಿದರು. ರಕ್ತ ಹೋಗುತ್ತಿರುವುದನ್ನು ಅಲಕ್ಷ್ಯ ಮಾಡಕೂಡದು. ಆದರೆ ಕ್ಯಾನ್ಸರು ಎಂಟು ದಿನದ ವಾಯಿದೆ ಕೊಟ್ಟು ಬರುವ ರೋಗವಲ್ಲ. ಆದುದರಿಂದ ಕಾಗದಗಳನ್ನೆಲ್ಲ ತೆಗೆದುಕೊಂಡು ಹೋಗಿ ಅಫಜಲಪುರದ ಸರಕಾರಿ ದವಾಖಾನೆಯ ಹೆಂಗಸರ ಡಾಕ್ಟರರನ್ನು ಕಾಣತಕ್ಕದ್ದು.

ಮರುದಿನ ಮಾಸ್ತರರು ಸೊಸೆಯನ್ನೂ ತಂಗಿಯನ್ನೂ ಕರೆದುಕೊಂಡು ಅಫಜಲಪುರಕ್ಕೆ ಹೋದರು. ದವಾಖಾನೆಯ ಅಂಗಳದಲ್ಲಿ ಜನ ಕಿಕ್ಕಿರಿದಿತ್ತು. ಸರದಿ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಡಾಕ್ಟರ್ ಬಾಯಿಯವರು ನಡುವಯಸ್ಸಿನವರು, ಮಿತಭಾಷಿಗಳು. ಮಾಸ್ತರರು ಕುಳಿತೊಡನೆ, ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ವೃತ್ತಾಂತವನ್ನು ಇಸವಿ ತಾರೀಖುಗಳೊಡನೆ ಹೇಳತೊಡಗಿದರು. ಬಾಯಿಯವರು ಎರಡು ನಿಮಿಷ ಕೇಳಿ, ಮೃದುವಾಗಿಯೇ ತಡೆದರು. “ಮಾಸ್ತರರೇ, ನೋವು ಯಾರದು?” ಎಂದರು. “ಅವಳದು” ಎಂದರು ಮಾಸ್ತರರು. “ಹಾಗಾದರೆ ಅವಳೇ ಹೇಳಲಿ. ತಾವು ತುಸು ಹೊರಗೆ ಕೂಡಬೇಕು. ತಾಯಿಯವರೂ ಅಷ್ಟೆ.”

ಮಾಸ್ತರರು ಹೊರಗಿನ ಬೆಂಚಿನ ಮೇಲೆ ಅರ್ಧ ತಾಸು ಕುಳಿತರು. ಒಳಗೆ ನಡೆದ ಮಾತನ್ನು ಸೊಸೆಯು ಅನಂತರ ತಾಯಿಗೆ ಹೇಳಿದ್ದರಿಂದ ಅವರಿಗೆ ತಿಳಿಯಿತು. “ನಿನಗೇನು ಬೇಕವ್ವಾ?” ಎಂದು ಬಾಯಿಯವರು ಕೇಳಿದಾಗ ಅವಳು ಕೊಟ್ಟ ಉತ್ತರವು ಮನೆಯಲ್ಲಿ ಯಾರೂ ಎಣಿಸದಿದ್ದ ಉತ್ತರ. ಚೀಲ ತೆಗೆಸಿಬಿಡಬೇಕೆಂದು ಅವಳಿಗೇ ಇಷ್ಟವಿತ್ತು. ತೊಗರಿಯ ಹೊಲದಲ್ಲಿ ಕಳೆ ತೆಗೆಯುವ ದಿನಗಳಲ್ಲಿ ಮುಟ್ಟಾದರೆ ಕೂಲಿ ತಪ್ಪುತ್ತದೆ; ಕೂಲಿಗೆ ಹೋದರೆ ಬಟ್ಟೆ ಬದಲಿಸಲು ಮರೆಯಿಲ್ಲ. ಮನೆಯಲ್ಲಿ ದೇವರ ಕೋಣೆಗೆ ಹೋಗುವಂತಿಲ್ಲ. ಗಾಣಗಾಪುರದ ಹುಣ್ಣಿಮೆಗೆ ಎಲ್ಲರೂ ಹೊರಟರೆ ಇವಳೊಬ್ಬಳು ಹಿಂದುಳಿಯಬೇಕು. ಚೀಲ ಹೋದರೆ ಇದೆಲ್ಲ ಹೋಗುವುದೆಂದು ನೆರೆಹೊರೆಯವರು ಹೇಳಿದ್ದರು. ಜೊತೆಗೆ ಕ್ಯಾನ್ಸರೆಂಬ ಹೆಸರು ಕೇಳಿದಂದಿನಿಂದ ಅವಳಿಗೆ ರಾತ್ರಿ ನಿದ್ರೆಯಿರಲಿಲ್ಲ. ಈ ಯಾವ ಮಾತನ್ನೂ ಗಂಡನಾಗಲಿ, ಅತ್ತೆಯಾಗಲಿ, ಮೊದಲು ನೋಡಿದ ವೈದ್ಯರಾಗಲಿ, ಅಕ್ಕರೆಯಿಂದ ಓಡಾಡುತ್ತಿದ್ದ ಸೋದರಮಾವನಾಗಲಿ ಅವಳನ್ನು ಕೇಳಿರಲಿಲ್ಲ. ‘ತೆಗೆಸಬೇಕು’ ಎನ್ನುವವರೂ ‘ತೆಗೆಸಬಾರದು’ ಎನ್ನುವವರೂ ಅವಳ ತಲೆಯ ಮೇಲಿಂದಲೇ ವಾದಿಸುತ್ತಿದ್ದರು.

ಬಾಯಿಯವರು ಒಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರಂತೆ: ಇದು ಗರ್ಭಕೋಶ, ಇವೆರಡು ಅಂಡಾಶಯ. ಗರ್ಭಕೋಶ ತೆಗೆದರೆ ಮುಟ್ಟು ನಿಲ್ಲುತ್ತದೆ, ನಿಜ. ಅದರೊಡನೆ ಅಂಡಾಶಯಗಳನ್ನೂ ತೆಗೆದರೆ ಐವತ್ತರ ಸುಮಾರಿಗೆ ಬರಬೇಕಾದ ಮುಪ್ಪಿನ ಲಕ್ಷಣಗಳು ಮೂವತ್ತನಾಲ್ಕಕ್ಕೇ ಬರುತ್ತವೆ. ಮೈ ಕಾಯುತ್ತದೆ, ಎಲುಬು ಸವೆಯುತ್ತದೆ, ಹೃದಯದ ರೋಗದ ಭಯ ಹೆಚ್ಚುತ್ತದೆ. ಬಿಳಿಸೆರಗು ಹೋದ ಮಾತ್ರಕ್ಕೆ ಕ್ಯಾನ್ಸರಲ್ಲ. ಗರ್ಭಕೋಶದ ಬಾಯಿಗೆ ಕ್ಯಾನ್ಸರಿನ ಮುನ್ಸೂಚನೆಯುಂಟೋ ಇಲ್ಲವೋ ಎಂಬುದನ್ನು ವಿನಿಗರಿನ ಅಂಶವಿರುವ ತೆಳುದ್ರವ ಸವರಿ ಅಲ್ಲಿಯೇ ನೋಡಬಹುದು. ಒಳಪದರದ ತುಣುಕನ್ನು ತೆಗೆದು ಪರೀಕ್ಷೆಗೆ ಕಳಿಸಬಹುದು. ರಕ್ತ ಹೆಚ್ಚು ಹೋಗುವುದಕ್ಕೆ ಗುಳಿಗೆಗಳಿವೆ. ಗರ್ಭಕೋಶದೊಳಗೆ ಇಟ್ಟರೆ ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ಔಷಧ ಒಸರುವ ಒಂದು ಸಣ್ಣ ಸಾಧನವಿದೆ. ಇವು ಯಾವುವೂ ನಡೆಯದಿದ್ದರೆ ಆಪರೇಶನ್ ಇದ್ದೇ ಇದೆ. ಅವಳ ರಕ್ತವನ್ನು ಪರೀಕ್ಷಿಸಲಾಗಿ ಅದು ತೀರ ತೆಳುವಾಗಿತ್ತು. “ಮೊದಲು ಈ ಕೊರತೆ ತುಂಬಬೇಕು. ಆಪರೇಶನ್ ಮಾಡಿಸಿದರೂ ಇದು ಬೇಕು, ಮಾಡಿಸದಿದ್ದರೂ ಬೇಕು. ಉಳಿದದ್ದನ್ನು ಪರೀಕ್ಷೆಯ ಫಲ ಬಂದ ಮೇಲೆ ನೀನು ಯೋಚಿಸಿ ಹೇಳು,” ಎಂದರು ಬಾಯಿಯವರು. ಚಿತ್ರ ಬರೆದ ಹಾಳೆಯನ್ನು ಅವಳ ಕೈಗೇ ಕೊಟ್ಟರು.

ಆಮೇಲೆ, ಅವಳ ಒಪ್ಪಿಗೆ ಕೇಳಿ, ಮಾಸ್ತರರನ್ನು ಒಳಗೆ ಕರೆದರು. ಅಂದು ಸರದಿಯಲ್ಲಿ ಅವರೇ ಕೊನೆಯವರಾದುದರಿಂದ ಮಾತು ತುಸು ಬೆಳೆಯಿತು. “ಇದು ನಮ್ಮ ಜಿಲ್ಲೆಗೆ ಹೊಸ ಮಾತಲ್ಲ” ಎಂದು ಬಾಯಿಯವರು ಹೇಳಿದರು. ೨೦೧೫ರ ಸುಮಾರಿಗೆ ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳ ಮತ್ತು ದಲಿತ ಕೇರಿಗಳ ಎಷ್ಟೋ ಹೆಂಗಸರು ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರು ಗರ್ಭಕೋಶ ಕಳೆದುಕೊಂಡು ಮರಳಿದ ಸಂಗತಿಯು ಬಯಲಿಗೆ ಬಂದಿತು. ಜನಾರೋಗ್ಯದ ಕಾರ್ಯಕರ್ತರು ಊರೂರು ತಿರುಗಿ ವಿಚಾರಿಸಿದರು. ಸರಕಾರವೂ ವಿಚಾರಣೆ ನಡೆಯಿಸಿತು. ಆ ಹೆಂಗಸರಲ್ಲಿ ಅನೇಕರಿಗೆ ನಲವತ್ತೂ ತುಂಬಿರಲಿಲ್ಲ. ಅನೇಕರಿಗೆ ಹೇಳಿದ ಕಾರಣ ಒಂದೇ: ಕ್ಯಾನ್ಸರಿನ ಭಯ. ಇಂಥದೇ ದೂರುಗಳು ಬಿಹಾರ, ಛತ್ತೀಸಗಡ, ರಾಜಸ್ಥಾನಗಳಿಂದಲೂ ಎದ್ದಿದ್ದವು. ಅವನ್ನು ಕುರಿತು ೨೦೧೩ರಲ್ಲಿ ವೈದ್ಯರೊಬ್ಬರೇ ಸುಪ್ರೀಮ್ ಕೋರ್ಟಿಗೆ ಹೋದರು. ೨೦೨೩ರ ಏಪ್ರಿಲ್ ತಿಂಗಳಲ್ಲಿ ತೀರ್ಪು ಬಂದಿತು. ಅನವಶ್ಯಕ ಶಸ್ತ್ರಕ್ರಿಯೆಯನ್ನು ತಡೆಯುವುದಕ್ಕೆ ಕೇಂದ್ರ ಸರಕಾರ ಮಾಡಿದ ಸೂಚನೆಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಆಚರಣೆಗೆ ತರತಕ್ಕದ್ದೆಂದು ಕೋರ್ಟು ಆಜ್ಞಾಪಿಸಿತು. ರಾಷ್ಟ್ರ, ರಾಜ್ಯ, ಜಿಲ್ಲೆ, ಮೂರೂ ಮಟ್ಟಗಳಲ್ಲಿ ಇದರ ಮೇಲ್ವಿಚಾರಣೆಗೆ ಸಮಿತಿಗಳಿರಬೇಕೆಂಬುದು ಆ ಸೂಚನೆಗಳಲ್ಲೊಂದು.

ಬಾಯಿಯವರು ಲೆಕ್ಕವನ್ನೂ ಹೇಳಿದರು. ೨೦೧೫–೧೬ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ೧೫ರಿಂದ ೪೯ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ೩.೨ ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ನೆರೆಯ ತೆಲಂಗಾಣದಲ್ಲಿ ೭.೭, ಆಂಧ್ರದಲ್ಲಿ ೮.೯. ಮೂರರಲ್ಲಿ ಎರಡು ಪಾಲು ಶಸ್ತ್ರಕ್ರಿಯೆಗಳು ಖಾಸಗಿ ದವಾಖಾನೆಗಳಲ್ಲಿ ಆದವು. ಹೀಗೆ ತೆಗೆಸಿಕೊಂಡವರನ್ನು ವಯಸ್ಸಿನ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವವಳಿಗೆ ಶಸ್ತ್ರಕ್ರಿಯೆಯಾದಾಗ ೩೪ ವರ್ಷ. ಲೆಕ್ಕದ ಮಾಸ್ತರರು ಈ ಕಡೆಯ ಅಂಕೆಯನ್ನು ಕೇಳಿ ಸೊಸೆಯ ಕಡೆಗೆ ನೋಡಿದರು.

“ಹೀಗಿದ್ದ ಮೇಲೆ ಈ ಆಪರೇಶನ್ನನ್ನೇ ಸರಕಾರ ಏಕೆ ನಿಲ್ಲಿಸಬಾರದು?” ಎಂದು ಅವರು ಬಿಸಿಯಾಗಿ ಕೇಳಿದರು. ಬಾಯಿಯವರು ಒಪ್ಪಲಿಲ್ಲ. ಹಿಂದಿನ ವರ್ಷ ಅವರಲ್ಲಿಗೆ ಬಂದಿದ್ದ ಐವತ್ತರ ಹೆಂಗಸೊಬ್ಬಳು, ‘ಡಾಕ್ಟರರು ಹಣಕ್ಕಾಗಿ ಚೀಲ ತೆಗೆಯುತ್ತಾರೆ’ ಎಂದು ಊರಲ್ಲಿ ಕೇಳಿ, ನಿಜವಾಗಿ ಬೇಕಾಗಿದ್ದ ಶಸ್ತ್ರಕ್ರಿಯೆಯನ್ನು ಒಂದು ವರ್ಷ ಮುಂದೂಡಿದ್ದಳು. ಮರಳಿ ಬಂದಾಗ ಕ್ಯಾನ್ಸರು ಹಬ್ಬಿತ್ತು. “ಮೋಸದಿಂದ ಆಗುವ ಹಾನಿ ಒಂದು, ಮೋಸದ ಭಯದಿಂದ ಆಗುವ ಹಾನಿ ಇನ್ನೊಂದು. ಎರಡನೆಯದನ್ನು ಯಾವ ವಿಚಾರಣಾ ಸಮಿತಿಯೂ ಎಣಿಸುವುದಿಲ್ಲ. ಗರ್ಭಕೋಶ ತೆಗೆಯುವುದು ಪಾಪವಲ್ಲ, ಮಾಸ್ತರರೇ. ಕಾರಣ ಹೇಳದೆ, ಬೇರೆ ದಾರಿ ತೋರಿಸದೆ ತೆಗೆಯುವುದು ಪಾಪ.”

ಕೊನೆಗೆ ಒಪ್ಪಿಗೆಯ ಪತ್ರದ ಮಾತು ಬಂದಿತು. ಮೊದಲ ದವಾಖಾನೆಯವರು ಕೊಟ್ಟಿದ್ದ ಪತ್ರ ಇಂಗ್ಲೀಷಿನಲ್ಲಿತ್ತು. ಗಂಡನ ರುಜುವಿಗಾಗಿ ಗೆರೆ ಎಳೆದಿತ್ತು. ಬಾಯಿಯವರು ೨೦೦೮ರ ಜನವರಿಯ ಒಂದು ತೀರ್ಪನ್ನು ನೆನೆದರು. ದಿಲ್ಲಿಯಲ್ಲಿ ಒಬ್ಬ ಹೆಂಗಸು ಒಳಗನ್ನು ನೋಡುವ ಪರೀಕ್ಷೆಗೆಂದು ಮೂರ್ಛೆಯ ಔಷಧ ತೆಗೆದುಕೊಂಡಿದ್ದಳು. ಎಚ್ಚರವಿಲ್ಲದಿರುವಾಗ ವೈದ್ಯರು ಹೊರಗಿದ್ದ ತಾಯಿಯನ್ನು ಕೇಳಿ ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಬಿಟ್ಟರು. ವಯಸ್ಕಳೂ ಸ್ವಸ್ಥಬುದ್ಧಿಯವಳೂ ಆದ ಹೆಂಗಸಿನ ಒಪ್ಪಿಗೆಯನ್ನು ಅವಳೇ ಕೊಡಬೇಕು, ಪ್ರಾಣಕ್ಕೆ ಕುತ್ತಿಲ್ಲದಾಗ ತಾಯಿಯ ಒಪ್ಪಿಗೆ ಸಲ್ಲದು, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಶಸ್ತ್ರಕ್ರಿಯೆಗೆ ಕೊಟ್ಟಂತಾಗದು ಎಂದು ಸುಪ್ರೀಮ್ ಕೋರ್ಟು ನಿರ್ಣಯಿಸಿತು. “ತಾಯಿಯ ರುಜುವೇ ಸಲ್ಲದಿದ್ದಲ್ಲಿ ಗಂಡನ ರುಜು ಹೇಗೆ ಸಲ್ಲೀತು? ಸೋದರಮಾವನ ಮಾತಂತೂ ದೂರ,” ಎಂದು ಬಾಯಿಯವರು ನಕ್ಕರು. ಸೊಸೆಯೂ ನಕ್ಕಳು. ಆ ದಿನ ಅವಳು ನಕ್ಕದ್ದು ಅದೇ ಮೊದಲು.

ಒಳಪದರದ ತುಣುಕಿನ ಪರೀಕ್ಷೆ ಕಲಬುರಗಿಯಲ್ಲಿ ಆಯಿತು. ವರದಿಯು ಇಂಗ್ಲೀಷಿನಲ್ಲಿ ಬಂದಿತು. ಬಾಯಿಯವರು ಅಂದು ರಜೆಯ ಮೇಲಿದ್ದರು. ಕಾಯುವ ತಾಳ್ಮೆ ಮಾಸ್ತರರಿಗಿರಲಿಲ್ಲ. ಅವರ ಹಳೆಯ ವಿದ್ಯಾರ್ಥಿಯೊಬ್ಬನು ಜೇವರ್ಗಿಯಲ್ಲಿ ಸರಕಾರಿ ವೈದ್ಯನಾಗಿದ್ದನು. ಸೊಸೆಯನ್ನು ಕೇಳಿ, ಅವಳ ಅನುಮತಿಯಿಂದ ವರದಿಯನ್ನು ತೆಗೆದುಕೊಂಡು ಮಾಸ್ತರರು ಕಲಬುರಗಿಯಿಂದ ದಕ್ಷಿಣಕ್ಕೆ ಭೀಮೆಯ ಸೇತುವೆ ದಾಟಿ ಜೇವರ್ಗಿಗೆ ಹೋದರು. ತರುಣನು ಗುರುಗಳಿಗೆ ನಮಸ್ಕರಿಸಿ, ವರದಿಯನ್ನು ಎರಡು ಸಲ ಓದಿ, “ಕ್ಯಾನ್ಸರಿನ ಕುರುಹಿಲ್ಲ, ಸರ್” ಎಂದನು. ಮಾಸ್ತರರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ಚಹಾ ಬಂದಾಗ, ತಿಂಗಳಿಂದ ಎದೆಯಲ್ಲಿದ್ದ ಪ್ರಶ್ನೆಯನ್ನು ಹೊರಗೆ ಹಾಕಿದರು: “ಎರಡಕ್ಕೆ ಎರಡು ಕೂಡಿಸಿದರೆ ನಾಲ್ಕೆಂದು ಎಲ್ಲ ಮಾಸ್ತರರೂ ಹೇಳುತ್ತಾರೆ. ಒಬ್ಬರು ತೆಗೆಯಬೇಕೆನ್ನುವ, ಒಬ್ಬರು ಗೊತ್ತಿಲ್ಲವೆನ್ನುವ, ಒಬ್ಬರು ಕಾಯೋಣವೆನ್ನುವ ಶಾಸ್ತ್ರ, ಅದೂ ಶಾಸ್ತ್ರವೇನಪ್ಪಾ?”

ತರುಣನು ನೇರವಾಗಿ ಉತ್ತರಿಸದೆ ಒಂದು ಹಳೆಯ ಕಥೆ ಹೇಳಿದನು. ಈ ಮೂರೂ ತಾಲೂಕುಗಳು ಸೇರಿದ್ದ ಹೈದರಾಬಾದ ಸಂಸ್ಥಾನದಲ್ಲಿ ನಡೆದ ಕಥೆ. ೧೮೪೭ರಲ್ಲಿ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರ್ಮಿನಿಂದ ರೋಗಿಗಳನ್ನು ಮೂರ್ಛೆಗೊಳಿಸುವ ರೀತಿಯನ್ನು ಬಳಕೆಗೆ ತಂದನು. ಆದರೆ ಆಗಾಗ ಆರೋಗ್ಯವಂತರೂ ಮೇಜಿನ ಮೇಲೆಯೇ ಸಾಯುತ್ತಿದ್ದರು. ಮೊದಲು ನಿಲ್ಲುವುದು ಉಸಿರೋ ಹೃದಯವೋ ಎಂಬ ವಿವಾದ ನಾಲ್ಕು ದಶಕ ನಡೆಯಿತು. ಹೈದರಾಬಾದಿನಲ್ಲಿದ್ದ ಡಾಕ್ಟರ್ ಎಡ್ವರ್ಡ್ ಲಾರಿ, ‘ಉಸಿರನ್ನು ನೋಡಿಕೊಂಡರೆ ಸಾಕು, ಹೃದಯಕ್ಕೆ ಕ್ಲೋರೋಫಾರ್ಮಿನಿಂದ ನೇರವಾದ ಅಪಾಯವಿಲ್ಲ’ ಎಂದು ಹಟ ಹಿಡಿದನು. ೧೮೮೮ರಲ್ಲಿ ಒಂದು ಕಮಿಶನ್ ಪ್ರಯೋಗ ಮಾಡಿ ಅವನ ಮಾತನ್ನೇ ಎತ್ತಿಹಿಡಿಯಿತು. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ನಂಬಲಿಲ್ಲ. ಆಗ ನಿಜಾಮ ಮಹಬೂಬ ಅಲಿ ಖಾನರ ಸರಕಾರವು, ನಿಮ್ಮ ಪಂಡಿತನನ್ನೇ ಕಳಿಸಿರೆಂದು ಒಂದು ಸಾವಿರ ಪೌಂಡು ಕೊಟ್ಟಿತು. ೧೮೮೯ರಲ್ಲಿ ಲಾಡರ್ ಬ್ರಂಟನ್ ಬಂದು, ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿಸಿ, ಲಾರಿಯ ಪಕ್ಷಕ್ಕೇ ಬಂದನು. ವಿವಾದ ಮುಗಿಯಿತೆಂದೇ ಅನೇಕರು ತಿಳಿದರು. ಆದರೆ ೧೯೧೧ರಲ್ಲಿ ಲೆವಿಯೆಂಬ ವೈದ್ಯನು, ಕ್ಲೋರೋಫಾರ್ಮಿನ ಅಮಲು ತೆಳುವಾಗಿರುವಾಗಲೇ ಹೃದಯವು ಒಮ್ಮೆಲೆ ಲಯ ತಪ್ಪಿ ಕಂಪಿಸಿ ನಿಲ್ಲಬಹುದೆಂದು ಪ್ರಯೋಗದಿಂದ ತೋರಿಸಿದನು.

“ಲಾರಿ ಸುಳ್ಳುಗಾರನಲ್ಲ, ಸರ್. ಉಸಿರನ್ನು ಎಚ್ಚರದಿಂದ ನೋಡಬೇಕೆಂಬ ಅವನ ಪಾಠ ಇಂದಿಗೂ ನಿಂತಿದೆ. ಕೆಟ್ಟದ್ದು ಅವನ ಸಾಕು ಎಂಬ ಮಾತು. ನನ್ನ ಕಾಲದ್ದೇ ಇನ್ನೊಂದು ಹೇಳುತ್ತೇನೆ. ೨೦೨೦ರ ಮಾರ್ಚ್ ೧೦ರಂದು ಕೊರೋನಾದಿಂದ ಭಾರತದಲ್ಲಿ ಮೊದಲ ಸಾವಾದದ್ದು ನಮ್ಮ ಕಲಬುರಗಿಯ ವೃದ್ಧರೊಬ್ಬರದು. ಆ ದಿನಗಳಲ್ಲಿ ಏನು ಕೊಡಬೇಕೆಂದು ಯಾರಿಗೂ ತಿಳಿದಿರಲಿಲ್ಲ. ಗುಣವಾದವರ ರಕ್ತದ ಪ್ಲಾಸ್ಮಾ ಕೊಟ್ಟರೆ ರೋಗಿ ಬದುಕುವನೆಂದು ಜನ ಊರೂರು ಅಲೆದು, ಕಾಲು ಹಿಡಿದು ತಂದರು. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಲಿಯೇ ೩೯ ದವಾಖಾನೆಗಳಲ್ಲಿ ೪೬೪ ರೋಗಿಗಳನ್ನು ಪರೀಕ್ಷಿಸಿ, ಅದರಿಂದ ಸಾವು ತಗ್ಗುವುದಿಲ್ಲವೆಂದು ೨೦೨೦ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಚಿಕಿತ್ಸೆಯ ಪಟ್ಟಿಯಿಂದ ಅದನ್ನು ತೆಗೆದದ್ದು ೨೦೨೧ರ ಮೇ ತಿಂಗಳಲ್ಲಿ. ಇತ್ತ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಹಳೆಯ ಔಷಧವು ಯಂತ್ರದ ಉಸಿರಿನ ಮೇಲಿದ್ದವರ ಸಾವನ್ನು ಮೂರರಲ್ಲಿ ಒಂದು ಪಾಲು ತಗ್ಗಿಸಿತು. ಆಕ್ಸಿಜನ್ ಬೇಕಾಗದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಒಂದೇ ಔಷಧ, ಒಬ್ಬನಿಗೆ ಸಂಜೀವಿನಿ, ಒಬ್ಬನಿಗೆ ವ್ಯರ್ಥ. ತಮ್ಮ ಗಣಿತದಲ್ಲಿ ಉತ್ತರ ತಪ್ಪಿದರೆ ಹುಡುಗನ ತಪ್ಪು. ನಮ್ಮಲ್ಲಿ ಪುಸ್ತಕವೇ ತಪ್ಪಿರಬಹುದು. ತಪ್ಪನ್ನು ಹುಡುಕಿ ತೆಗೆಯುವ ರೀತಿ ಇರುವುದರಿಂದಲೇ ಇದು ಶಾಸ್ತ್ರ.”

ಮಾಸ್ತರರು ಇದನ್ನು ಒಪ್ಪಿದರೂ ಬಿಡಲಿಲ್ಲ. “ಸಂದೇಹವು ಪಂಡಿತರಿಗೆ ಭೂಷಣ. ಆದರೆ ಬಡವನ ಬಂಗಾರ ಒತ್ತೆ ಬೀಳುವಾಗ ಅವನ ಪರವಾಗಿ ನಿಲ್ಲುವವರಾರು? ಕಾಯಿದೆಯೇ?” ಎಂದರು. ತರುಣನು, ಕಾಯಿದೆ ಬೇಕೇ ಬೇಕು ಎಂದನು. ೨೦೧೭ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯನ್ನು ಸರಕಾರ ಬಿಗಿಗೊಳಿಸಲು ಹೊರಟಾಗ, ನವೆಂಬರ ತಿಂಗಳಲ್ಲಿ ರಾಜ್ಯದ ಖಾಸಗಿ ವೈದ್ಯರು ದವಾಖಾನೆಗಳನ್ನು ಮುಚ್ಚಿ ಪ್ರತಿಭಟಿಸಿದ್ದರು. ದೂರು ಬಂದೊಡನೆ ವೈದ್ಯನನ್ನು ಅಪರಾಧಿಯಂತೆ ಕಂಡರೆ ಕಷ್ಟದ ರೋಗಿಯನ್ನು ಯಾರೂ ಮುಟ್ಟರೆಂಬುದು ಅವರ ವಾದ; ದರವನ್ನು ಹಲಗೆಯ ಮೇಲೆ ಬರೆಯಲೂ ಒಪ್ಪದವರನ್ನು ನಂಬುವುದು ಹೇಗೆಂಬುದು ಎದುರುಪಕ್ಷದ ವಾದ. ಬಾಗಿಲು ಮುಚ್ಚಿದ ಆ ದಿನಗಳಲ್ಲಿ ತೊಂದರೆಪಟ್ಟದ್ದು ಮಾತ್ರ ಎರಡೂ ಪಕ್ಷಕ್ಕೆ ಸೇರದ ರೋಗಿ. ಕಡೆಗೆ ಕೆಲವು ತಿದ್ದುಪಡಿಗಳೊಡನೆ ಕಾಯಿದೆ ಬಂದಿತು. “ಆದರೆ ಸರ್, ನನ್ನ ಕಷ್ಟವೇ ಬೇರೆ. ಬೆಳಗಿನ ನಾಲ್ಕು ತಾಸಿನಲ್ಲಿ ನೂರಕ್ಕೂ ಮೇಲೆ ಜನರನ್ನು ನೋಡುತ್ತೇನೆ. ತಲೆಗೆ ಎರಡು ನಿಮಿಷ. ಎರಡು ನಿಮಿಷದಲ್ಲಿ ಗುಳಿಗೆ ಬರೆಯಬಹುದು, ‘ನಿನಗೇನು ಬೇಕವ್ವಾ?’ ಎಂದು ಕೇಳಿ ಉತ್ತರಕ್ಕಾಗಿ ಕಾಯಲಾಗುವುದಿಲ್ಲ. ಅಫಜಲಪುರದ ಬಾಯಿಯವರು ತಮಗೆ ಕೊಟ್ಟ ಅರ್ಧ ತಾಸು ಇನ್ನು ಹದಿನೈದು ಜನರ ಪಾಲಿನದು. ಕೇಳುವುದಕ್ಕೆ ಸಮಯ ಬೇಕು, ಸಮಯಕ್ಕೆ ವೈದ್ಯರು ಬೇಕು, ವೈದ್ಯರು ಹಳ್ಳಿಯಲ್ಲಿ ನಿಲ್ಲುವುದಕ್ಕೆ ಊರು ಬೇಕು. ಇದನ್ನು ಯಾವ ತೀರ್ಪೂ ಒಂದು ದಿನದಲ್ಲಿ ಕೊಡಲಾರದು.”

ಮಾಸ್ತರರ ಸೊಸೆಯು ಮೂರು ತಿಂಗಳು ಕಬ್ಬಿಣದ ಅಂಶದ ಗುಳಿಗೆಗಳನ್ನೂ ರಕ್ತ ತಡೆಯುವ ಔಷಧವನ್ನೂ ತೆಗೆದುಕೊಂಡಳು. ತೊಗರಿಯ ಕಟಾವಿನ ಹೊತ್ತಿಗೆ ರಕ್ತ ಹೋಗುವುದು ತಗ್ಗಿತು, ಪೂರ್ತಿ ನಿಲ್ಲಲಿಲ್ಲ. ಮತ್ತೆ ಹೆಚ್ಚಿದರೆ ಒಳಗಿಡುವ ಸಾಧನವನ್ನು ಹಾಕಿಸಿಕೊಳ್ಳುವುದಾಗಿಯೂ, ಅದೂ ಆಗದಿದ್ದರೆ ಆಪರೇಶನ್ ಮಾಡಿಸಿಕೊಳ್ಳುವುದಾಗಿಯೂ ಅವಳು ತಾನೇ ನಿಶ್ಚಯಿಸಿದಳು. ಹೊಲದಲ್ಲಿ ಮರೆಯಿಲ್ಲದಿರುವುದಕ್ಕೂ ಮುಟ್ಟಿನ ಮಡಿಮೈಲಿಗೆಗೂ ವೈದ್ಯರ ಬಳಿ ಔಷಧವಿರಲಿಲ್ಲ. ಅವು ಮನೆಯವರು ವಾಸಿಮಾಡಬೇಕಾದ ರೋಗಗಳು. ಬಾಯಿಯವರ ಚಿತ್ರದ ಹಾಳೆಯನ್ನು ಅವಳು ಜೋಪಾನವಾಗಿ ಇಟ್ಟುಕೊಂಡಿದ್ದಾಳೆ. ನೆರೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಅದನ್ನು ನೋಡಿಹೋಗುತ್ತಾರೆ. ಅವರಲ್ಲಿ ಹತ್ತು ವರ್ಷದ ಹಿಂದೆ ಚೀಲ ತೆಗೆಸಿಕೊಂಡ ಒಬ್ಬಾಕೆ ಅಂಡಾಶಯಗಳ ಮೇಲೆ ಬೆರಳಿಟ್ಟು, “ಇವು ನನಗ ಅದಾವೋ ಇಲ್ಲೋ?” ಎಂದು ಕೇಳಿದಳು. ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಅವಳ ಬಳಿ ಒಂದು ಕಾಗದವೂ ಇರಲಿಲ್ಲ.

ಮೂವರು ವೈದ್ಯರ ಮಾತುಗಳನ್ನು ಒಟ್ಟಿಗಿಟ್ಟು ನೋಡಿದರೆ ಅವು ಒಂದಕ್ಕೊಂದು ವಿರುದ್ಧವಾಗಿಲ್ಲವೆಂದು ಕಾಣುತ್ತದೆ. ಒಬ್ಬರು ‘ಗೊತ್ತಿಲ್ಲ’ ಎನ್ನುವ ಧೈರ್ಯವನ್ನು ತೋರಿದರು. ಒಬ್ಬರು ಯಾರ ಶರೀರವೋ ಅವರನ್ನೇ ಕೇಳಿದರು. ಒಬ್ಬನು ಶಾಸ್ತ್ರವು ತನ್ನ ತಪ್ಪನ್ನು ತಿದ್ದಿಕೊಂಡ ಬಗೆಯನ್ನು ಹೇಳಿದನು. ಇವು ಮೂರೂ ಇಲ್ಲದಲ್ಲಿ ಎಷ್ಟು ದೊಡ್ಡ ಯಂತ್ರವಿದ್ದರೂ ಅದು ರೋಗಿಯ ಪಾಲಿಗೆ ಕತ್ತಲೆಯೇ. ಓದುಬರಹ ಬಲ್ಲ ಮನೆಗಳವರು ಇಲ್ಲಿ ಮಾಡಬಹುದಾದ ಕೆಲಸ ಅಲ್ಪವಲ್ಲ. ಬಂಧುಗಳಲ್ಲಿಯೋ, ಮನೆಗೆಲಸಕ್ಕೆ ಹೊಲಗೆಲಸಕ್ಕೆ ಬರುವವರಲ್ಲಿಯೋ ಒಬ್ಬರಿಗೆ ಇಂಥ ಪ್ರಸಂಗ ಬಂದಾಗ ಜೊತೆಗೆ ಹೋಗಬಹುದು, ಕಾಗದಗಳನ್ನು ಕೂಡಿಸಿಡಬಹುದು, ನಾಲ್ಕು ಪ್ರಶ್ನೆಗಳನ್ನು ಅವರಿಗೆ ಕಲಿಸಿಕೊಡಬಹುದು: ರೋಗವೇನು? ಬೇರೆ ದಾರಿಗಳೇನು? ಏನೂ ಮಾಡದಿದ್ದರೆ ಏನಾದೀತು? ಯೋಚಿಸಲು ಎಷ್ಟು ದಿನವಿದೆ? ಇಷ್ಟು ಮಾಡಿ, ರೋಗಿಯು ಉತ್ತರ ಹೇಳುವ ಹೊತ್ತಿಗೆ ಎದ್ದು ಹೊರಗಿನ ಬೆಂಚಿನ ಮೇಲೆ ಕೂಡತಕ್ಕದ್ದು.